ರೇಚರ್ಲದ ಕಥೆಯಲ್ಲಿ ರೇಚನನ್ನು ಬಿಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ರಕ್ಕಸಗಿ-ತಂಗಡಗಿ ಯುದ್ಧದ ಬಗ್ಗೆ ಬಂದ ಲೇಖನವನ್ನು ನಮ್ಮೂರಿನಲ್ಲಿ ಬಹಳ ಜನ ಓದಿದ್ದಾರೆ. ತಂಗಡಗಿ ನಮ್ಮ ಮುದ್ದೇಬಿಹಾಳ ತಾಲ್ಲೂಕಿನ ಊರು. ಕೃಷ್ಣೆಯ ದಂಡೆಯಲ್ಲಿ ನೀಲಾಂಬಿಕೆಯ ಐಕ್ಯಸ್ಥಳ ಇರುವುದರಿಂದ ಅಲ್ಲಿಗೆ ಹೋಗಿಬರುವುದು ನಮಗೆ ರೂಢಿ. 1565ರ ಜನವರಿ 23ರ ಕದನಕ್ಕೆ ಇಂದಿಗೂ ಬಹಳ ಮಂದಿ ತಾಳಿಕೋಟೆಯ ಹೆಸರನ್ನೇ ಹೇಳುತ್ತಾರೆ. ನೀವು ಹೊಳೆದಂಡೆಯ ಹಳ್ಳಿಗಳ ಹೆಸರನ್ನು ಶೀರ್ಷಿಕೆಗೆ ತಂದಿದ್ದಕ್ಕೆ ಕೃತಜ್ಞನಾಗಿದ್ದೇನೆ.

ನನ್ನ ತಕರಾರು ಅದೇ ಪುಟದ ಬಲಬದಿಯಲ್ಲಿದ್ದ ಚೌಕಟ್ಟಿನ ಬರಹದ ಬಗ್ಗೆ. ವಿಜಯನಗರದ ಪರವಾಗಿ ದುಡಿದ ತೆಲುಗು ನಾಯಕ ಮನೆತನಗಳನ್ನು ಪರಿಚಯಿಸುತ್ತ, ರೇಚರ್ಲ ಎಂಬ ಹೆಸರಿನ ವಂಶಾವಳಿಯನ್ನು ಅದರಲ್ಲಿ ಕೊಡಲಾಗಿದೆ. ರಾಮಪ್ಪ ಗುಡಿಯನ್ನು ಕಟ್ಟಿಸಿದ ರೇಚರ್ಲ ರುದ್ರನಿಂದ ಆರಂಭಿಸಿ ಚೆವ್ವಿರೆಡ್ಡಿ, ರಾಚಕೊಂಡದ ನಾಯಕರು, ವೆಂಕಟಗಿರಿಯ ರಾಜರು, ಬೊಬ್ಬಿಲಿಯ ದೊರೆಗಳವರೆಗೆ ಒಂದೇ ರಕ್ತವೆಂಬಂತೆ ಗೆರೆ ಎಳೆದಿದ್ದಾರೆ. ನಮ್ಮ ವಿಜಯಪುರ, ಬಾಗಲಕೋಟೆ ಭಾಗದವರೂ ತಮ್ಮ ಅಡ್ಡಹೆಸರನ್ನು ಹಿಡಿದು ಹುಡುಕಿದರೆ ತಾವು ಯಾವ ಅರಸು ಮನೆತನದ ಕುಡಿಗಳೆಂಬುದು ತಿಳಿಯುತ್ತದೆ ಎಂಬ ಸಲಹೆಯೂ ಕೊನೆಯಲ್ಲಿದೆ. ಆ ಗೆರೆಯನ್ನು ನಾನು ಒಪ್ಪುವುದಿಲ್ಲ. ಆ ಸಲಹೆಯನ್ನು ಇನ್ನೂ ಒಪ್ಪುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ರೇಚರ್ಲದ ಕಥೆಯನ್ನು ಹೇಳುವಾಗ ಆ ಹೆಸರು ಯಾರಿಂದ ಬಂತೆಂದು ಆ ಮನೆತನದವರೇ ಹೇಳಿಕೊಂಡು ಬಂದಿದ್ದಾರೋ ರೇಚ ಎಂಬ ಆ ಮನುಷ್ಯನನ್ನೇ ಬಿಟ್ಟಿದ್ದಾರೆ ಎಂಬುದು ನನಗೆ ನೋವು ತಂದಿದೆ.

ನಾನು ಗ್ರಾಮ ಲೆಕ್ಕಿಗನಾಗಿ ದುಡಿದು ನಿವೃತ್ತನಾದವನು. ನಮ್ಮ ಕಡೆಯ ಹಳೆಯ ಜನರಿಗೆ ಆ ಹುದ್ದೆ ಇಂದಿಗೂ ತಲಾಟಿಯೇ. ಪೌತಿ ಖಾತೆ ಮಾಡಿಸಲು, ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳಲು, ಸಾಲ ತೆಗೆಯಲು ಜನ ವಂಶವೃಕ್ಷ ಕೇಳಿಕೊಂಡು ಚಾವಡಿಗೆ ಬರುತ್ತಿದ್ದರು. ಪಂಚರನ್ನು ಕೂರಿಸಿ, ನೆರೆಹೊರೆಯವರನ್ನು ಕೇಳಿ, ಹಳೆಯ ಉತಾರ, ಅಂದರೆ ಪಹಣಿ, ತಾಳೆ ನೋಡಿ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಅಜ್ಜನ ಹೆಸರನ್ನು ಎಲ್ಲರೂ ಹೇಳುತ್ತಿದ್ದರು. ಮುತ್ತಜ್ಜನ ಹೆಸರಿಗೆ ಮನೆಯ ಹಿರಿಯರನ್ನು ಕರೆಸಬೇಕಾಗುತ್ತಿತ್ತು. ಮುತ್ತಜ್ಜಿಯ ಹೆಸರು ಕೇಳಿದರೆ ಪಂಚರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೂರು ತಲೆಮಾರಿನ ವಂಶವೃಕ್ಷಕ್ಕೆ ಇಷ್ಟು ಸಾಕ್ಷಿ ಬೇಡುವ ನಾವು ಎಂಟು ನೂರು ವರ್ಷದ ವಂಶಾವಳಿಗೆ ಒಂದು ಅಡ್ಡಹೆಸರನ್ನೇ ಸಾಕ್ಷಿಯೆಂದು ಒಪ್ಪುವುದು ಸರಿಯಲ್ಲ.

ನನ್ನ ಮಗಳ ಸಂಸಾರ ಹೈದರಾಬಾದಿನಲ್ಲಿದೆ. ಅಲ್ಲಿಗೆ ಹೋದಾಗಲೆಲ್ಲ ಅಳಿಯನೊಡನೆ ಹಳೆಯ ಗುಡಿ, ಕೋಟೆಗಳನ್ನು ನೋಡುತ್ತ ಬಂದಿದ್ದೇನೆ. ಅವರ ಪಕ್ಕದ ಮನೆಯಲ್ಲಿ ರೇಚರ್ಲ ಗೋತ್ರದ, ವೆಲಮ ಜಾತಿಯ ಹಿರಿಯರೊಬ್ಬರಿದ್ದಾರೆ. ತೆಲುಗು ಲಿಪಿ ನಮ್ಮದಕ್ಕೆ ಹತ್ತಿರದ್ದಾದ್ದರಿಂದ ಅವರ ಪುಸ್ತಕಗಳನ್ನು ಕೂಡಿಸಿಕೊಂಡು ಓದಬಲ್ಲೆ. ತಿಳಿಯದ ಕಡೆ ಅವರೇ ತಾಳ್ಮೆಯಿಂದ ಬಿಡಿಸಿ ಹೇಳಿದ್ದಾರೆ.

ರೇಚರ್ಲ ಎಂಬ ಹೆಸರು ಕಾಕತೀಯರ ಕಾಲದಲ್ಲಿ ಎದ್ದು ಕಾಣುತ್ತದೆ. ಕಾಕತೀಯ ಅರಸ ಗಣಪತಿದೇವನ ಸೇನಾಪತಿಯಾಗಿದ್ದ ರೇಚರ್ಲ ರುದ್ರ 1213ರಲ್ಲಿ ಪಾಲಂಪೇಟೆಯಲ್ಲಿ ರುದ್ರೇಶ್ವರ ಗುಡಿಯನ್ನು ಕಟ್ಟಿಸಿದ. ಜನರ ಬಾಯಿಯಲ್ಲಿ ಅದು ರಾಮಪ್ಪ ಗುಡಿ. 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ನಮ್ಮ ಕಡೆಯವರೂ ಅದನ್ನು ನೋಡಲು ಹೋಗುತ್ತಿದ್ದಾರೆ. ಸೂರ್ಯಾಪೇಟೆಯ ಪಕ್ಕದ ಪಿಲ್ಲಲಮರ್ರಿಯಲ್ಲಿ ಅದೇ ಹೆಸರಿನ ಇನ್ನೊಂದು ಮನೆ ಆಳುತ್ತಿತ್ತು. ನಾಮಿರೆಡ್ಡಿಯ ಹೆಸರಿನ ನಾಮೇಶ್ವರ ಗುಡಿ ಅಲ್ಲಿದೆ. ಬೇತಿರೆಡ್ಡಿಯ ಹೆಂಡತಿ ಎರಕಸಾನಮ್ಮ 1208ರಲ್ಲಿ ಕಟ್ಟಿಸಿದ ಎರಕೇಶ್ವರ ಗುಡಿಯೂ ಅಲ್ಲೇ ಇದೆ. ಕಂಬಗಳ ಕಪ್ಪು ಕಲ್ಲನ್ನು ಎಷ್ಟು ನಯವಾಗಿ ಉಜ್ಜಿದ್ದಾರೆಂದರೆ ಹತ್ತಿರ ನಿಂತವರ ನೆರಳು ಅದರಲ್ಲಿ ತೋರುತ್ತದೆ. ನಿಮ್ಮ ಚೌಕಟ್ಟಿನಲ್ಲಿ ಈ ಹೆಣ್ಣುಮಗಳಿಗೆ ಜಾಗ ಸಿಕ್ಕಿಲ್ಲ.

ಇವರನ್ನು ಇತಿಹಾಸಕಾರರು ರೇಚರ್ಲ ರೆಡ್ಡಿಗಳೆಂದು ಕರೆಯುತ್ತಾರೆ. 1323ರಲ್ಲಿ ಕಾಕತೀಯರ ರಾಜಧಾನಿ ಓರುಗಲ್ಲು, ಅಂದರೆ ಇಂದಿನ ವಾರಂಗಲ್, ದೆಹಲಿಯ ಸೈನ್ಯಕ್ಕೆ ಸೋತ ಮೇಲೆ ರಾಚಕೊಂಡ, ದೇವರಕೊಂಡಗಳಲ್ಲಿ ತಲೆಯೆತ್ತಿದ ಸಿಂಗಮ ನಾಯಕ, ಅವನ ಮಗ ಅನಪೋತ ನಾಯಕ ಮೊದಲಾದವರು ಬೇರೆ. ಅವರೂ ರೇಚರ್ಲದವರೇ, ಆದರೆ ಪದ್ಮನಾಯಕರು. ಇಂದಿನ ಮಾತಿನಲ್ಲಿ ವೆಲಮರು. ಅಲಂಕಾರಶಾಸ್ತ್ರದಲ್ಲಿ ಹೆಸರಾದ ಸರ್ವಜ್ಞ ಸಿಂಗಭೂಪಾಲ ಈ ಮನೆಯವನು. ಈ ವೆಲಮರು ತಮ್ಮ ವಂಶವನ್ನು ಎಣಿಸಲು ತೊಡಗುವುದು ರಾಮಪ್ಪ ಗುಡಿಯ ರುದ್ರನಿಂದಲ್ಲ, ಆಮನಗಲ್ಲಿನ ಚೆವ್ವಿರೆಡ್ಡಿ ಎಂಬ ಒಕ್ಕಲಿಗನಿಂದ. ಹೆಸರು ಒಂದೇ ಎಂಬುದನ್ನು ಬಿಟ್ಟರೆ ರುದ್ರನಿಗೂ ಇವರಿಗೂ ಕೊಂಡಿ ಹಾಕಲು ನಿಮ್ಮ ಲೇಖಕರು ಒಂದು ಸಾಕ್ಷಿಯನ್ನೂ ಕೊಟ್ಟಿಲ್ಲ.

ಚೆವ್ವಿರೆಡ್ಡಿಯ ಐತಿಹ್ಯವನ್ನು ವಿವರವಾಗಿ ಹೇಳಬೇಕು. ಅವನ ಹೊಲದಲ್ಲಿ ನೆಲದೊಳಗಿನ ನಿಧಿ ಕಣ್ಣಿಗೆ ಬಿತ್ತು. ಅದನ್ನು ಕಾಯುತ್ತಿದ್ದ ಬೇತಾಳ ನರಬಲಿ ಕೇಳಿತು. ಅವನ ಮನೆಯಲ್ಲಿ ಮಾಲ ಎಂಬ ದಲಿತ ಜಾತಿಯ ರೇಚ ಎಂಬ ಆಳು ಇದ್ದ. ಆ ರೇಚ ತಾನೇ ಬಲಿಯಾಗಲು ಮುಂದೆ ಬಂದು ಒಡೆಯನಿಂದ ಮಾತು ಪಡೆದ: ನಿಮ್ಮ ವಂಶ ಇನ್ನು ಮುಂದೆ ನನ್ನ ಹೆಸರಿನಿಂದ ನಡೆಯಬೇಕು, ನಿಮ್ಮ ಮನೆಯ ಮದುವೆಗಳಲ್ಲಿ ಮೊದಲು ನಮ್ಮವರ ಮದುವೆ ಆಗಬೇಕು. ಒಡೆಯ ಒಪ್ಪಿದ. ಅಂದಿನಿಂದ ಆ ವಂಶಕ್ಕೆ ರೇಚರ್ಲ ಗೋತ್ರ ಎಂಬ ಹೆಸರಾಯಿತು. ಇದು ಆ ಜನರ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಕಟ್ಟಿದ ಕಥೆಯಲ್ಲ. ಆ ಮನೆತನದ ಹೊಗಳಿಕೆಗಾಗಿಯೇ ಹುಟ್ಟಿದ, 1939ರಲ್ಲಿ ಮದ್ರಾಸು ವಿಶ್ವವಿದ್ಯಾಲಯ ಅಚ್ಚು ಹಾಕಿಸಿದ ವೆಲುಗೋಟಿವಾರಿ ವಂಶಾವಳಿಯಲ್ಲೇ ಇದು ಬರುತ್ತದೆ.

ಪಕ್ಕದ ಮನೆಯ ಹಿರಿಯರು ಇದನ್ನು ಹೇಳುವಾಗ ದನಿ ತಗ್ಗಿಸಲಿಲ್ಲ. ‘ಮನೆಯಲ್ಲಿ ಸಂಕಲ್ಪ ಹೇಳಿ ಗೋತ್ರ ಉಚ್ಚರಿಸುವಾಗಲೆಲ್ಲ ನಾವು ಆ ರೇಚನನ್ನು ನೆನೆಯುತ್ತೇವೆ’ ಎಂದರು. ಆದರೆ ನಾನು ಈ ಕಥೆಯನ್ನು ಬರಿಯ ತ್ಯಾಗದ ಕಥೆಯೆಂದು ಓದಲಾರೆ. ಜೀತದ ಆಳಿಗೆ ಒಡೆಯನ ಮುಂದೆ ಒಲ್ಲೆ ಎನ್ನುವ ದಾರಿ ಇತ್ತೇ? ನಿಧಿ ಒಡೆಯನಿಗೆ, ಸಾವು ಆಳಿಗೆ. ಆಳಿನ ಪಾಲಿಗೆ ಉಳಿದದ್ದು ಹೆಸರೊಂದೇ. ಆ ಹೆಸರನ್ನೂ ಇಂದಿನ ಪತ್ರಿಕೆಯ ಚೌಕಟ್ಟು ನುಂಗಿದರೆ ಅದು ದೊಡ್ಡ ಅನ್ಯಾಯ. ಐತಿಹ್ಯ ಇತಿಹಾಸವಲ್ಲ ಎಂದು ನಿಮ್ಮ ಲೇಖಕರು ಹೇಳಬಹುದು. ಹಾಗಾದರೆ ಚೆವ್ವಿರೆಡ್ಡಿಯೂ ಅದೇ ಐತಿಹ್ಯದಿಂದ ಬಂದವನೇ. ಅವನಿಗೆ ನಿಮ್ಮ ವಂಶಾವಳಿಯಲ್ಲಿ ಜಾಗ ಕೊಟ್ಟು ರೇಚನನ್ನು ಕೈಬಿಟ್ಟದ್ದು ಏಕೆ?

ಇದರಲ್ಲಿ ನನಗೆ ಇಷ್ಟು ಕಾಳಜಿ ಏಕೆಂಬುದಕ್ಕೆ ಕಾರಣವಿದೆ. ನಾನು ಸೇವೆಯಲ್ಲಿದ್ದಾಗ ಒಂದು ಊರಿನ ಉಳ್ಳವರ ಮನೆಯ ಇಬ್ಬರು ಚಾವಡಿಗೆ ಬಂದು ಉತಾರದ ನಕಲನ್ನು ಮೇಜಿನ ಮೇಲಿಟ್ಟರು. ಅದೇ ಊರಿನ ದಲಿತ ರೈತನೊಬ್ಬನ ಹೊಲದ ಉತಾರದಲ್ಲಿ ತಮ್ಮ ಅಡ್ಡಹೆಸರೇ ಇದೆ, ಅದನ್ನು ತೆಗೆಯಬೇಕು ಎಂಬುದು ಅವರ ಬೇಡಿಕೆ. ‘ತಲಾಟಿ ಸಾಹೇಬರೇ, ನಾಳೆ ಹೊರಗಿನವರು ಅವರನ್ನು ನಮ್ಮ ಅಣ್ಣತಮ್ಮಂದಿರೆಂದು ತಿಳಿದರೆ ನಮ್ಮ ಮಕ್ಕಳಿಗೆ ಹೆಣ್ಣು ಕೊಡುವವರು ಯಾರು?’ ಎಂದರು. ಆ ಅಡ್ಡಹೆಸರು ಒಂದು ಊರಿನ ಹೆಸರು. ಎರಡೂ ಮನೆಯವರ ಹಿರಿಯರು ಬರಗಾಲದಲ್ಲಿ ಆ ಊರು ಬಿಟ್ಟು ಇಲ್ಲಿಗೆ ಬಂದವರು. ಇಲ್ಲಿನವರು ಇಬ್ಬರನ್ನೂ ಬಂದ ಊರಿನಿಂದಲೇ ಗುರುತಿಸಿದರು. ಹೆಸರು ತೆಗೆಯಲು ಕಾಯ್ದೆಯಲ್ಲಿ ಆಸ್ಪದವಿಲ್ಲವೆಂದು ನಾನು ಹೇಳಿ ಕಳುಹಿಸಿದೆ. ಆ ರೈತ ಮಾತ್ರ ತನ್ನ ಮಗನನ್ನು ಶಾಲೆಗೆ ಸೇರಿಸುವಾಗ ಆ ಅಡ್ಡಹೆಸರನ್ನು ಬರೆಸಲಿಲ್ಲ ಎಂದು ಮುಂದೆ ತಿಳಿಯಿತು. ಕಾಗದದ ಮೇಲೆ ಉಳಿಸಿದ್ದನ್ನು ಊರು ಬಾಯಿಮಾತಿನಲ್ಲೇ ಕಿತ್ತುಕೊಂಡಿತ್ತು. ಅಡ್ಡಹೆಸರೇ ರಕ್ತದ ಗುರುತೆಂದು ಪತ್ರಿಕೆ ಬರೆದರೆ ಇಂಥವರ ಕೈ ಇನ್ನಷ್ಟು ಬಲವಾಗುತ್ತದೆ.

ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಅಡ್ಡಹೆಸರುಗಳು ಹೇಗೆ ಹುಟ್ಟಿದವೆಂಬುದು ಗುಟ್ಟೇನಲ್ಲ. ಮುದ್ದೇಬಿಹಾಳ, ನಿಡಗುಂದಿ, ಹುನಗುಂದ, ಬಾಗಲಕೋಟ, ಬಿಜಾಪುರ ಎಂಬ ಅಡ್ಡಹೆಸರಿನವರು ಲಿಂಗಾಯತರಲ್ಲಿದ್ದಾರೆ, ಮುಸ್ಲಿಮರಲ್ಲಿದ್ದಾರೆ, ದಲಿತರಲ್ಲಿದ್ದಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿ ಪುನರ್ವಸತಿ ಕೇಂದ್ರಗಳಿಗೆ ಬಂದವರು ಮುಳುಗಿದ ಊರಿನ ಹೆಸರನ್ನೇ ಹೊತ್ತು ತಿರುಗುತ್ತಿದ್ದಾರೆ. ಉಳಿದವು ಕೆಲಸದ ಹೆಸರುಗಳು: ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ, ತಳವಾರ, ವಾಲೀಕಾರ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು 1961ರ ಕಾಯ್ದೆಯಿಂದ ರದ್ದಾದವು. ಹುದ್ದೆ ಹೋದರೂ ಹೆಸರು ನಿಂತಿತು. ಪಾಟೀಲರು ಲಿಂಗಾಯತರಲ್ಲಿ, ಜೈನರಲ್ಲಿ, ಮರಾಠರಲ್ಲಿ, ಮುಸ್ಲಿಮರಲ್ಲಿ ಎಲ್ಲರಲ್ಲೂ ಇದ್ದಾರೆ. ಇವರನ್ನೆಲ್ಲ ಒಂದೇ ವಂಶದವರೆಂದು ಯಾರೂ ಹೇಳುವುದಿಲ್ಲ. ತೆಲುಗರ ವಿಷಯಕ್ಕೆ ಬಂದಾಗ ಮಾತ್ರ ಈ ತಿಳಿವಳಿಕೆ ಏಕೆ ಮರೆಯಾಗಬೇಕು?

ರೆಡ್ಡಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ವೆಂಗಿಯ ಪೂರ್ವ ಚಾಲುಕ್ಯರ ತಾಮ್ರಶಾಸನಗಳಲ್ಲಿ ಅರಸನ ಆಜ್ಞೆ ‘ರಾಷ್ಟ್ರಕೂಟರೇ ಮೊದಲಾದ ಕುಟುಂಬಿಗಳಿಗೆ’ ಎಂದು ಹೊರಡುತ್ತದೆ. ಅಲ್ಲಿನ ರಾಷ್ಟ್ರಕೂಟರು ಮಾನ್ಯಖೇಟದ ಚಕ್ರವರ್ತಿಗಳಲ್ಲ, ನಾಡಿನ ಒಕ್ಕಲಿನ ಮುಖಂಡರು. ಆ ಮಾತೇ ರಟ್ಟಗುಡಿ, ರಟ್ಟಡಿ ಎಂದಾಗುತ್ತ ರೆಡ್ಡಿಯಾಯಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಬೆಳಗಾವಿ ಜಿಲ್ಲೆಯ ಸವದತ್ತಿಯಿಂದ ಆಳಿ ಆಮೇಲೆ ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ರಾಜಧಾನಿ ಬದಲಿಸಿದ ರಟ್ಟರ ಹೆಸರಿಗೂ ಇದೇ ಬೇರು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಬೆಳಗಾವಿ ಕೋಟೆಯೊಳಗೆ ಇಂದಿಗೂ ನಿಂತಿದೆ. ಎರಡು ಹೆಸರಿನ ಬೇರು ಒಂದೇ ಎಂದು ನಮ್ಮ ಭಾಗದ ರಡ್ಡಿ ಬಾಂಧವರು ಬೆಳಗಾವಿಯ ರಟ್ಟ ಅರಸರ ಸಂತತಿಯಾಗುವುದಿಲ್ಲ. ಅವರಿಗೆ ಅದರ ಅಗತ್ಯವೂ ಇಲ್ಲ. ವೇಮನ, ಹೇಮರಡ್ಡಿ ಮಲ್ಲಮ್ಮನಂಥವರನ್ನು ಹಿರಿಯರೆಂದು ಪೂಜಿಸುವ ಜನ ಅವರು.

ಚೆವ್ವಿರೆಡ್ಡಿಯ ವಂಶದವರು ಮುಂದೆ ನಾಯಕರಾದದ್ದೂ ಹೀಗೆಯೇ. ಕಾಕತೀಯರ ಕಾಲದಲ್ಲಿ ರೆಡ್ಡಿ, ನಾಯಕ ಎಂಬವು ಮನುಷ್ಯನ ಕೆಲಸ, ಸ್ಥಾನಮಾನಗಳನ್ನು ಹೇಳುತ್ತಿದ್ದವು. ಕೋಟೆ ಕಾದವನು, ದಂಡು ನಡೆಸಿದವನು ನಾಯಕನಾಗುತ್ತಿದ್ದ. ಇಂದು ರೆಡ್ಡಿ ಒಂದು ಜಾತಿ, ವೆಲಮ ಇನ್ನೊಂದು ಜಾತಿ, ಇಬ್ಬರ ನಡುವೆ ಹೆಣ್ಣು ಕೊಟ್ಟು ತರುವ ರೂಢಿಯಿಲ್ಲ. ಆದರೆ ವೆಲಮರ ವಂಶಾವಳಿಯ ಮೊದಲ ಹೆಸರೇ ರೆಡ್ಡಿ ಎಂದು ಮುಗಿಯುತ್ತದೆ. ಇಂದಿನ ಗೋಡೆಗಳನ್ನು ಅಂದಿನ ಜನರ ನಡುವೆ ಎಬ್ಬಿಸಲು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇನ್ನು ಒಂದೇ ಗೋತ್ರದವರ ಮನೆಹೆಸರುಗಳ ಮಾತು. ತೆಲುಗರು ಅದನ್ನು ಇಂಟಿಪೇರು ಎನ್ನುತ್ತಾರೆ, ನಮ್ಮವರಂತೆ ಹೆಸರಿನ ಹಿಂದೆ ಇಡದೆ ಮುಂದೆ ಇಡುತ್ತಾರೆ. ರೇಚರ್ಲ ಗೋತ್ರದ ವೆಂಕಟಗಿರಿಯವರು ವೆಲುಗೋಟಿ ಮನೆಯವರು. ನಂದ್ಯಾಲ ಜಿಲ್ಲೆಯ ವೆಲುಗೋಡಿನ ಕೋಟೆ ಅವರ ಕೈಯಲ್ಲಿದ್ದುದರಿಂದ ಆ ಹೆಸರು ಬಂತು. ಬೊಬ್ಬಿಲಿಯವರು ರಾವು ಮನೆಯವರು. ತೆಲಂಗಾಣದ ಕೊಲ್ಲಾಪುರ ಸೀಮೆಯ ಜಟಪ್ರೋಲಿನವರು ಸುರಭಿ ಮನೆಯವರು. ಗೋತ್ರ ಒಂದೇ ಇದ್ದು ಮನೆಹೆಸರು ಬೇರೆಯಾಗುವುದು, ಮನೆಹೆಸರು ಒಂದೇ ಇದ್ದು ಜಾತಿ ಬೇರೆಯಾಗುವುದು ಅಲ್ಲಿ ದಿನನಿತ್ಯದ ಸಂಗತಿ. ಬರಿಯ ಮನೆಹೆಸರು ನೋಡಿ ವಂಶ ಹೇಳುತ್ತೇನೆಂದು ಹೊರಟವನು ವೆಂಕಟಗಿರಿಯವರನ್ನೂ ಬೊಬ್ಬಿಲಿಯವರನ್ನೂ ನಂಟಿಲ್ಲದವರೆಂದು ಬರೆದಾನು.

ವೆಲುಗೋಟಿ ಯಾಚಮ ನಾಯಕನ ಹೆಸರು ನಿಮ್ಮ ಚೌಕಟ್ಟಿನಲ್ಲಿ ಬಂದಿದೆ, ಅವನ ಕತ್ತಿಯ ಚಿತ್ರವೂ ಬಂದಿದೆ. ಆದರೆ ಅವನು ಮಾಡಿದ ದೊಡ್ಡ ಕೆಲಸ ಕತ್ತಿಯಿಂದ ಆದದ್ದಲ್ಲ. ತಂಗಡಗಿಯ ಸೋಲಿನ ನಂತರ ವಿಜಯನಗರದ ಅರಸರು ಪೆನುಕೊಂಡೆಗೆ, ಚಂದ್ರಗಿರಿಗೆ, ವೆಲ್ಲೂರಿಗೆ ಸರಿಯುತ್ತ ಹೋದರು. 1614ರಲ್ಲಿ ವೆಂಕಟಪತಿರಾಯ ತೀರಿಕೊಂಡಾಗ ಪಟ್ಟಕ್ಕೆ ಬಂದ ಶ್ರೀರಂಗನನ್ನು ಜಗ್ಗರಾಯ ಎಂಬವನು ಸಂಸಾರ ಸಮೇತ ಸೆರೆಯಲ್ಲಿಟ್ಟು ಕೊನೆಗೆ ಕೊಲ್ಲಿಸಿದ. ಆ ಸೆರೆಯಿಂದ ಶ್ರೀರಂಗನ ಮಗ ರಾಮ ಎಂಬ ಹುಡುಗನನ್ನು ಯಾಚಮ ಹೊರಗೆ ತರಿಸಿದ. ತಂದವನು ಅರಮನೆಯ ಬಟ್ಟೆ ಒಗೆಯುವ ಮಡಿವಾಳ. ಮೈಲಿಗೆ ಬಟ್ಟೆಯ ಗಂಟಿನಲ್ಲಿ ಹುಡುಗನನ್ನು ಅಡಗಿಸಿ ಕಾವಲುಗಾರರ ಕಣ್ಣೆದುರೇ ದಾಟಿಸಿದ. ಆ ಕಾಲದಲ್ಲೇ ಬರಾದಾಸ್ ಎಂಬ ಜೆಸ್ಯೂಟ್ ಪಾದ್ರಿ ಇದನ್ನು ತನ್ನ ಪತ್ರದಲ್ಲಿ ಬರೆದಿಟ್ಟ. ಮುಂದೆ ತಂಜಾವೂರಿನ ರಘುನಾಥ ನಾಯಕನೂ ಯಾಚಮನೂ ಕೂಡಿ ತೋಪೂರಿನಲ್ಲಿ ಜಗ್ಗರಾಯನನ್ನು ಸೋಲಿಸಿದರು, ಆ ಹುಡುಗ ರಾಮದೇವರಾಯನಾಗಿ ಪಟ್ಟವೇರಿದ. ಆ ಮಡಿವಾಳ ಸಿಕ್ಕಿಬಿದ್ದಿದ್ದರೆ ಮೊದಲು ಹೋಗುತ್ತಿದ್ದುದು ಅವನ ತಲೆ. ಅವನ ಹೆಸರನ್ನು ಯಾರೂ ಗೋತ್ರವಾಗಿ ಇಟ್ಟುಕೊಳ್ಳಲಿಲ್ಲ.

ನನ್ನ ಮಾತನ್ನು ವಂಶಾವಳಿಗಳೇ ಬೇಡವೆಂಬ ಅರ್ಥದಲ್ಲಿ ಯಾರೂ ತೆಗೆದುಕೊಳ್ಳಬಾರದು. ನಮ್ಮ ಕಡೆ ಅದಕ್ಕೆಂದೇ ಬದುಕನ್ನು ಮುಡಿಪಿಟ್ಟ ಹೆಳವರಿದ್ದಾರೆ. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ಬೆಳಗಾವಿ ಕಡೆಯಿಂದ ಎತ್ತು ಹೊಡೆದುಕೊಂಡು ಹೆಳವರು ಬರುತ್ತಿದ್ದರು. ನಸುಕಿನಲ್ಲಿ ಬಾಗಿಲ ಮುಂದೆ ನಿಂತು ನಮ್ಮ ಹಿರಿಯರ ಹೆಸರುಗಳನ್ನು ರಾಗವಾಗಿ ಹೇಳುತ್ತಿದ್ದರು. ಅಜ್ಜಿ ಒಳಗಿನಿಂದ ಜೋಳದ ಮೊರ ಹಿಡಿದುಕೊಂಡೇ ಕೇಳುತ್ತ ನಿಲ್ಲುತ್ತಿದ್ದಳು. ಈಗ ಅವರ ಮಕ್ಕಳು ಟೆಂಪೊದಲ್ಲಿ ಬರುತ್ತಾರೆ, ಹಳೆಯ ಹೊತ್ತಿಗೆಗಳನ್ನು ನೋಟುಪುಸ್ತಕಕ್ಕೆ ಇಳಿಸಿಕೊಂಡಿದ್ದಾರೆ. ನಮ್ಮ ಮನೆತನದ ಪುಟದಲ್ಲಿ ಒಬ್ಬ ಅರಸನೂ ಇಲ್ಲ. ಯಾವ ಊರಿನಿಂದ ಹೊರಟರು, ಯಾವ ಬರಗಾಲಕ್ಕೆ ಎದ್ದರು, ಅಣ್ಣತಮ್ಮಂದಿರು ಯಾವ ಹೊಲಕ್ಕಾಗಿ ಬೇರೆಯಾದರು, ಯಾರು ಮಕ್ಕಳಿಲ್ಲದೆ ದತ್ತಕ ತೆಗೆದುಕೊಂಡರು ಎಂಬುದಿದೆ. ಹೆಣ್ಣುಮಕ್ಕಳ ಹೆಸರು ಅದರಲ್ಲೂ ವಿರಳ, ಆ ಕೊರತೆಯನ್ನು ಒಪ್ಪಲೇಬೇಕು. ಆದರೂ ದತ್ತಕವನ್ನು ದತ್ತಕವೆಂದೇ ಬರೆದಿಟ್ಟ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ರಕ್ತ ಬೇರೆ, ಮನೆ ಒಂದೇ ಎಂಬುದನ್ನು ಅವರು ಮುಚ್ಚಿಡಲಿಲ್ಲ. ತೆಲುಗು ನಾಡಿನಲ್ಲಿ ನಾಯಕ ಮನೆತನಗಳಿಗೆ ಭಟ್ಟರಾಜುಗಳು ಇಂಥದೇ ಕೆಲಸ ಮಾಡುತ್ತಿದ್ದರು. ಹೊಗಳಿ ಹಾಡುವ ಕಸುಬಿನವರ ನಡುವೆಯೇ ಉಳಿದುಬಂದ ವಂಶಾವಳಿಯಲ್ಲಿ ಆಳಿನ ಹೆಸರು ಇಂದಿಗೂ ಇದೆ. ಹೊಗಳುವ ಅಗತ್ಯವೇ ಇಲ್ಲದ ಪತ್ರಿಕೆ ಅದನ್ನು ಕೈಬಿಟ್ಟಿದೆ.

ಆದ್ದರಿಂದ ನನ್ನ ಕೋರಿಕೆಗಳು ಇವು. ಆ ಚೌಕಟ್ಟಿಗೆ ತಿದ್ದುಪಡಿಯನ್ನು ಅದೇ ಪುರವಣಿಯಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ. ರಾಮಪ್ಪ ಗುಡಿಯ ರುದ್ರನನ್ನೂ ರಾಚಕೊಂಡದ ನಾಯಕರನ್ನೂ ಬೇರೆ ಬೇರೆಯಾಗಿ ತೋರಿಸಿ. ಚೆವ್ವಿರೆಡ್ಡಿಯ ಹೆಸರಿರುವ ಕಡೆ ರೇಚನ ಹೆಸರನ್ನೂ, ಅವನ ಜಾತಿಯನ್ನೂ, ಅವನು ಪಡೆದ ಮಾತನ್ನೂ ಬರೆಯಿರಿ. ಅಡ್ಡಹೆಸರಿನಿಂದ ಅರಸು ವಂಶ ಹುಡುಕಿರೆಂಬ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳಿ.

ಸಾಧ್ಯವಾದರೆ ಇನ್ನೊಂದು ಕೆಲಸವನ್ನೂ ಮಾಡಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ನಿಮ್ಮ ವರದಿಗಾರರನ್ನು ಈ ಸುಗ್ಗಿಯಲ್ಲಿ ಹೆಳವರ ಜೊತೆ ನಾಲ್ಕು ಊರು ಸುತ್ತಲು ಕಳುಹಿಸಿ. ಅವರು ಒಪ್ಪಿದರೆ ಅವರ ಹೊತ್ತಿಗೆಗಳ ಪುಟಗಳನ್ನು ಚಿತ್ರ ತೆಗೆಸಿ, ಅವರ ಕೆಲಸಕ್ಕೆ ತಕ್ಕ ಗೌರವಧನ ಕೊಡಿ. ಮುದ್ದೇಬಿಹಾಳ ತಾಲ್ಲೂಕಿಗೆ ಬರುವವರಿಗೆ ಹಳೆಯ ಉತಾರ, ಕೈಬರಹದ ಮೋಡಿ ಲಿಪಿಯ ಕಾಗದಗಳನ್ನು ಓದಲು ನೆರವು ಬೇಕಾದರೆ ನಾನು ಜೊತೆಗೆ ಬರಲು ಸಿದ್ಧನಿದ್ದೇನೆ.

ಇಂತಿ,
ಒಬ್ಬ ನಿವೃತ್ತ ಗ್ರಾಮ ಲೆಕ್ಕಿಗ,
ಮುದ್ದೇಬಿಹಾಳ ತಾಲ್ಲೂಕು, ವಿಜಯಪುರ ಜಿಲ್ಲೆ